ಚಂದ್ರವ್ವ ಹೇಳಿದ ಸಾಕ್ಷಿ

ಚಂದ್ರವ್ವನಿಗೂ ಸಿಟ್ಟು ಬರುತ್ತದೆ ಎನ್ನುವುದು ಧಾರಾವಿಯ ಕನ್ನಡ ಕ್ರೈಸ್ತರಿಗೆ ಗೊತ್ತಾದದ್ದು 1955ರ ಬೇಸಿಗೆಯಲ್ಲಿ. ಅಲ್ಲಿಯತನಕ ಅವಳಂಥ ತಣ್ಣನೆಯ ಹೆಂಗಸು ಆ ಚಾಳುಗಳಲ್ಲಿ ಇನ್ನೊಬ್ಬಳಿಲ್ಲ ಎಂದೇ ಎಲ್ಲರೂ ತಿಳಿದಿದ್ದರು. ಹೆರಿಗೆಯ ನೋವಿನಲ್ಲಿ ಬಸುರಿಯರು ಅವಳ ಮುಂಗೈ ಕಚ್ಚಿದ್ದುಂಟು, ಅವಳು ಗದರಿದ್ದಿಲ್ಲ. ನಳದ ಸಾಲಿನಲ್ಲಿ ಅವಳ ಕೊಡವನ್ನು ಕಾಲಿನಿಂದ ಸರಿಸಿ ಮುಂದೆ ಹೋದವರುಂಟು. ಅವಳು ಕೊಡವನ್ನೆತ್ತಿ ಹಿಂದಿಟ್ಟುಕೊಂಡು ಮತ್ತೆ ನಿಂತಿದ್ದಾಳೆ. ಅಂಥವಳು ಕುರ್ಲಾದ ಸಭೆಯಲ್ಲಿ, ಭಾನುವಾರದ ಆರಾಧನೆ ನಡೆಯುತ್ತಿರುವಾಗಲೇ, ಸಭಾಪಾಲಕರಿಗೆ ಎದುರು ನಿಂತು ಕೂಗಿದಳಂತೆ ಎಂದಾಗ ಅವತ್ತು ಹೋಗದಿದ್ದವರು ನಂಬಲೇ ಇಲ್ಲ.

ಅವಳು ಸಿಂದಗಿ ಕಡೆಯ ಹಳ್ಳಿಯವಳು. ಅವಳ ತಂದೆ ಬಾವಿಯಿಂದ ನೀರೆತ್ತುವ ತೊಗಲಿನ ಚೀಲ ಹೊಲಿಯುತ್ತಿದ್ದ. ಅವನು ಹೊಲಿದ ಚೀಲದಲ್ಲಿ ಮೇಲೆ ಬಂದ ನೀರು ಊರಿಗೆಲ್ಲ ಆಗುತ್ತಿತ್ತು. ಅವನ ಹೆಂಡತಿ ಮಾತ್ರ ಅದೇ ಬಾವಿಯ ಕಟ್ಟೆ ಹತ್ತುವಂತಿರಲಿಲ್ಲ. ಕಟ್ಟೆಯ ಕೆಳಗೆ ಕೊಡ ಇಟ್ಟುಕೊಂಡು, ಯಾರಾದರೂ ಕನಿಕರ ಬಂದು ಸುರಿಯುವತನಕ ಬಿಸಿಲಲ್ಲಿ ಕೂತಿರಬೇಕು. ಬಾಯಾರಿದರೆ ಬೊಗಸೆ ಒಡ್ಡಬೇಕು. ಚಂದ್ರವ್ವನಿಗೆ ಐದು ವರ್ಷವಾಗಿದ್ದಾಗ ಆ ಓಣಿಗೆ ಓಣಿಯೇ ದೀಕ್ಷಾಸ್ನಾನ ತೆಗೆದುಕೊಂಡಿತು. ಬಾವಿ ಮೊದಲಿದ್ದ ಹಾಗೆಯೇ ಇತ್ತು. ಆದರೆ ಮಿಷನ್ ಶಾಲೆ ಬಂತು, ಚಂದ್ರವ್ವ ಓದು ಬರಹ ಕಲಿತಳು, ಸತ್ಯವೇದವನ್ನು ತಡವರಿಸದೆ ಓದುವ ಹುಡುಗಿ ಎಂದು ಹೆಸರು ತೆಗೆದುಕೊಂಡಳು.

ಮದುವೆಯಾಗಿ ಮುಂಬಯಿಗೆ ಬಂದಾಗ ಅವಳಿಗೆ ಹದಿನೇಳು. ಗಂಡ ದಾನಪ್ಪ ಧಾರಾವಿಯ ಒಂದು ಚರ್ಮದ ಕಾರಖಾನೆಯಲ್ಲಿ ಸುಣ್ಣದ ಹೊಂಡದ ಕೆಲಸದವನು. ಕೂದಲು ಬಿಡಿಸುವುದಕ್ಕೆ ಹಸಿ ತೊಗಲನ್ನು ಸುಣ್ಣದ ನೀರಲ್ಲಿ ಮುಳುಗಿಸಿ ತುಳಿಯಬೇಕು. ಕಾಲಿನ ಉಗುರುಗಳು ಒಂದೊಂದಾಗಿ ಹಳದಿಗಟ್ಟಿ ಉದುರುತ್ತಿದ್ದವು. ಮಾತು ಕಡಿಮೆ, ಕುಡಿತ ಇಲ್ಲ, ಭಾನುವಾರ ಇಸ್ತ್ರಿ ಮಾಡಿದ ಅಂಗಿ. ಮಕ್ಕಳಾಗಲಿಲ್ಲ. ಕೊನೆಗೆ ಚಂದ್ರವ್ವ ಹತ್ತಿರದ ಮಿಷನ್ ದವಾಖಾನೆಗೆ ಕಸ ಗುಡಿಸಲು ಸೇರಿದಳು. ಒಮ್ಮೆ ನರ್ಸಮ್ಮ ಬರುವುದು ತಡವಾಗಿ ಮಗು ಕಾಲು ಮುಂದಾಗಿ ಬಂದಾಗ, ಗುಡಿಸುತ್ತಿದ್ದ ಹೆಂಗಸೇ ಕೈತೊಳೆದು ಕೂತು ಅದನ್ನು ಜೀವಂತ ಎತ್ತಿಕೊಂಡಳು. ಮರುದಿನದಿಂದ ಅವಳ ಕೈಗೆ ಪೊರಕೆ ಕೊಡಲಿಲ್ಲ. ಹತ್ತು ವರ್ಷದೊಳಗೆ ಧಾರಾವಿಯ ಒಂದು ತುದಿಯ ಕಾಳಾ ಕಿಲ್ಲಾದಿಂದ ಇನ್ನೊಂದು ತುದಿಯ ಕೋಳಿವಾಡದವರೆಗೆ, ಕನ್ನಡದವರು, ತಮಿಳರು, ಮರಾಠಿಗರು ಎನ್ನದೆ ಎಲ್ಲರೂ ಅವಳನ್ನೇ ಕೂಗುವಂತಾಯಿತು.

ಕನ್ನಡ ಸಭೆ ಸೇರುತ್ತಿದ್ದದ್ದು ಕುರ್ಲಾದಲ್ಲಿ, ಒಂದು ಶಾಲೆಯ ಹಾಲ್‌ನಲ್ಲಿ. ಧಾರಾವಿಯವರು ಸಾಯನ್ ಸ್ಟೇಷನ್ನಿಗೆ ನಡೆದು ಲೋಕಲ್ ಹಿಡಿದು ಬರುತ್ತಿದ್ದರು. ಮುಂದಿನ ಬೆಂಚುಗಳಲ್ಲಿ ಮಂಗಳೂರು ಕಡೆಯವರು: ಆಫೀಸಿನ ಕ್ಲಾರ್ಕುಗಳು, ಟೀಚರುಗಳು, ಪ್ರೆಸ್ಸಿನವರು. ಹಿಂದಿನ ಬೆಂಚುಗಳಲ್ಲಿ ಧಾರಾವಿಯವರು. ಹಾಗೆ ಕೂರಿ ಎಂದು ಯಾರೂ ಹೇಳಿದ್ದಲ್ಲ, ಕೂತದ್ದು ಹಾಗೆ. ತಿಂಗಳ ಮೊದಲ ಭಾನುವಾರ ಕರ್ತನ ಭೋಜನವಿದ್ದಾಗ ದ್ರಾಕ್ಷಾರಸದ ಎರಡು ತಟ್ಟೆ ಹೊರಡುತ್ತಿದ್ದವು. ಮುಂದಿನವರಿಗೆ ಸಣ್ಣ ಗಾಜಿನ ಲೋಟಗಳು, ಹಿಂದಿನವರಿಗೆ ಧಾರಾವಿಯವರು ಜರ್ಮನ್ ಎನ್ನುವ ಅಲ್ಯುಮಿನಿಯಂ ಲೋಟಗಳು. ಧಾರಾವಿಯವರ ಸಂಖ್ಯೆ ಹೆಚ್ಚು, ಗಾಜಿನವು ಸಾಲುವುದಿಲ್ಲ ಎಂದು ಕಾರಣ. ಹದಿನೈದು ವರ್ಷ ಚಂದ್ರವ್ವ ಆ ಲೋಟದಲ್ಲಿ ಕುಡಿದು, ಕಣ್ಣು ಮುಚ್ಚಿ ಸ್ತೋತ್ರ ಹೇಳಿದ್ದಳು.

1954ರ ಮಳೆಗಾಲ ಮುಗಿದ ಮೇಲೆ ಸಭಾಪಾಲಕ ಎಡ್ವಿನ್ ಬಂಗೇರ ಅವರು ಒಂದು ಸುದ್ದಿ ಕೊಟ್ಟರು. ಮುಂಬಯಿಯ ಕೆಲವು ಸಭೆಗಳು ಕೂಡಿ ಪೂರ್ವ ಆಫ್ರಿಕಾಕ್ಕೆ ಸುವಾರ್ತೆಯ ತಂಡ ಕಳಿಸುತ್ತವೆ. ಅದರಲ್ಲಿ ತಾವು, ಟೀಚರಾಗಿದ್ದ ತಮ್ಮ ಪತ್ನಿ ವಿನೋದಿನಿ, ಹಾಡುವುದಕ್ಕೆ ಇಬ್ಬರು ತರುಣರು, ಮತ್ತು ಹೆಂಗಸರ ಆರೋಗ್ಯದ ವಿಷಯ ಹೇಳಿಕೊಡಲು ಚಂದ್ರವ್ವ. ಹಿಂದಿನ ಬೆಂಚುಗಳಲ್ಲಿ ಗುಜುಗುಜು ಎದ್ದಿತು. ಧಾರಾವಿಯಿಂದ ಸಮುದ್ರ ದಾಟಿದವರು ಅದುವರೆಗೆ ಯಾರೂ ಇರಲಿಲ್ಲ. ದಾನಪ್ಪನ ಕಾರಖಾನೆಯಲ್ಲಿ ಆಳುಗಳ ಮೇಲ್ವಿಚಾರಣೆ ನೋಡುವ ಮುಕಾದಮನೂ ಸಭೆಯ ಹಿರಿಯನೂ ಆಗಿದ್ದ ಯೇಸಪ್ಪ ಎದ್ದು ನಿಂತು ಚಪ್ಪಾಳೆ ತಟ್ಟಿಬಿಟ್ಟ. ದಾನಪ್ಪ ಮಾತ್ರ ಲೋಕಲ್‌ನಲ್ಲಿ ಹಿಡಿಕೆಗೆ ಜೋತುಬಿದ್ದು ಮೆಲ್ಲಗೆ ಕೇಳಿದ:

"ಹಡಗಿನ್ಯಾಗ ಏನರ ಆದ್ರ ನಿನ್ನ ಹೆಣಾನೂ ನನಗ ಸಿಗಾಂಗಿಲ್ಲಲ್ಲ?"

"ದೇವರ ಕೆಲಸಕ್ಕ ಹೊಂಟೀನ್ರಿ. ಏನೂ ಆಗಾಂಗಿಲ್ಲ," ಎಂದಳು ಚಂದ್ರವ್ವ. ಹಾಗಂದಾಗ ಅವಳಿಗೆ ನಿಜವಾಗಿಯೂ ಭಯವಿರಲಿಲ್ಲ. ತನ್ನನ್ನು ಆರಿಸಿದವನು ಬಂಗೇರ ಅಯ್ಯನವರಲ್ಲ, ಯೇಸುಸ್ವಾಮಿಯೇ ಎಂದು ಅವಳು ನಂಬಿದ್ದಳು.

ಡಿಸೆಂಬರಿನಲ್ಲಿ ಹೊರಟರು. ಹಡಗಿನ ಡೆಕ್ಕಿನ ಮೇಲೆ ಹನ್ನೊಂದು ದಿನ ವಾಂತಿ ಮಾಡಿಕೊಂಡು, ಮೊಂಬಾಸಾದಲ್ಲಿಳಿದು, ಅಲ್ಲಿಂದ ಅರ್ಧ ದಿನ ರೈಲಿನಲ್ಲಿ ಹೋದರೆ ಕೆಂಪು ಮಣ್ಣಿನ ಒಂದು ಊರು. ರೈಲ್ವೆಯಲ್ಲಿ ಕೆಲಸ ಮಾಡುವ ಭಾರತೀಯರ ಕುಟುಂಬಗಳು ಅಲ್ಲಿ ಬೇಕಾದಷ್ಟಿದ್ದವು. ಇವರು ಇಳಿದುಕೊಂಡದ್ದು ಮಕ್ವಾನ್ ಎಂಬ ಗುಜರಾತಿ ಕ್ರೈಸ್ತನ ಮನೆಯಲ್ಲಿ. ರೈಲ್ವೆ ಗೋದಾಮಿನ ಕ್ಲಾರ್ಕು, ಇಪ್ಪತ್ತು ವರ್ಷದಿಂದ ಅಲ್ಲಿದ್ದವನು. ಊಟಕ್ಕೆ ಕೂತಾಗ ತಮಾಷೆ ಮಾಡಿ ನಗಿಸುವವನು, ಪ್ರಾರ್ಥನೆಯಲ್ಲಿ ಕಣ್ಣೀರು ಹಾಕುವವನು.

ಆ ಮನೆಯ ಕೆಲಸಕ್ಕೆ ಒಬ್ಬ ಹೆಂಗಸಿದ್ದಳು. ಕಿಕುಯು ಜನಾಂಗದವಳು, ಚಂದ್ರವ್ವನ ವಯಸ್ಸಿನವಳೇ, ಎತ್ತರದ ಆಳು, ಬೋಳಿಸಿದ ತಲೆಗೆ ಬಟ್ಟೆ ಸುತ್ತಿಕೊಂಡಿರುತ್ತಿದ್ದಳು. ಮನೆಯವರಿಂದ ಕಲಿತ ಮುರುಕು ಹಿಂದಿ ಬರುತ್ತಿತ್ತು. ಅವಳು ಚಂದ್ರವ್ವನ ಸೀರೆ ಒಗೆದಳು, ಹಾಸಿಗೆ ಹಾಸಿದಳು, ಚಹಾ ತಂದುಕೊಟ್ಟು "ಮೆಮ್‌ಸಾಹೇಬ್" ಎಂದಳು. ಮೊದಲ ದಿನ ಚಂದ್ರವ್ವನಿಗೆ ನಾಚಿಕೆಯಾಯಿತು. ನಾಲ್ಕನೆಯ ದಿನ ಅದು ಕಿವಿಗೆ ಹಿತವಾಯಿತು. ಹತ್ತನೆಯ ದಿನ, ಚಹಾ ತಡವಾದಾಗ, ಅವಳು ಅಡುಗೆಮನೆಯ ಕಡೆ ತಿರುಗಿ ತಿರುಗಿ ನೋಡಿದಳು. ಆ ಹೆಂಗಸಿನ ಹೆಸರೇನೆಂದು ಅಷ್ಟು ದಿನವಾದರೂ ಕೇಳಿರಲಿಲ್ಲ.

ಹಿತ್ತಲ ಗೋಡೆಯ ಮೊಳೆಗೆ ಒಂದು ತಗಡಿನ ತಟ್ಟೆ, ಒಂದು ನೀಲಿ ಮಗ್ಗು ತೂಗುಹಾಕಿದ್ದವು. ಕೆಲಸದವಳು ಹೊರಗೆ ಕಟ್ಟೆಯ ಮೇಲೆ ಕೂತು ಅದರಲ್ಲಿ ತಿಂದು, ತೊಳೆದು, ಮತ್ತೆ ಅಲ್ಲೇ ತೂಗುಹಾಕುತ್ತಿದ್ದಳು. ಸಂಜೆ ಪ್ರಾರ್ಥನೆಗೆ ಎಲ್ಲರೂ ಒಳಗೆ ಸೇರಿದಾಗ ಅವಳು ಜಗುಲಿಯ ಮೇಲೆ, ಕಿಟಕಿಯ ಕೆಳಗೆ ಕೂತು ಕೇಳುತ್ತಿದ್ದಳು. ಅವಳೂ ಕ್ರೈಸ್ತಳು ಎಂದು ಚಂದ್ರವ್ವನಿಗೆ ತಿಳಿದದ್ದು ಅವಳು ಹೊರಗಿನಿಂದಲೇ ಹಾಡಿಗೆ ದನಿ ಸೇರಿಸಿದಾಗ. ಆ ಮೊಳೆ ಏನು, ಜಗುಲಿ ಏನು ಎಂದು ಸಿಂದಗಿಯ ಕಡೆಯವಳಿಗೆ ಯಾರೂ ಬಿಡಿಸಿ ಹೇಳಬೇಕಿರಲಿಲ್ಲ. ಚಂದ್ರವ್ವ ವಿನೋದಿನಿಯ ಹತ್ತಿರ ಹೋದಳು.

"ಟೀಚರಮ್ಮಾ, ಅಕಿನೂ ನಮ್ಮ ವಿಶ್ವಾಸದಾಕಿ. ಅಕಿನ್ನ ಯಾಕ ಹೊರಗ ಕೂಡಸ್ತಾರ?"

ವಿನೋದಿನಿ ತಲೆ ಬಾಚಿಕೊಳ್ಳುತ್ತಿದ್ದಳು. "ಅಲ್ಲ ಚಂದ್ರವ್ವ, ನಾವು ಇಲ್ಲಿ ನೆಂಟರು ಮಾರಾಯ್ತಿ. ಅವರ ಮನೆಯ ಕ್ರಮ ಸರಿ ಮಾಡ್ಲಿಕ್ಕೆ ಬಂದದ್ದಾ ನಾವು?"

ಮತ್ತೆ ಯಾತಕ್ಕೆ ಬಂದದ್ದು ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು. ನುಂಗಿಕೊಂಡಳು. ಆದರೆ ಅವತ್ತಿಡೀ ಮಕ್ವಾನನ ಮುಖ ನೋಡಿದಾಗೆಲ್ಲ ಅವಳು ಸಿಟ್ಟಿನಿಂದ ಉರಿದು ಎದ್ದು ಹೊರಗೆ ಹೋಗುತ್ತಿದ್ದಳು. ಅವನ ಅಜ್ಜನೂ ಚಂದ್ರವ್ವನ ಅಪ್ಪನ ಹಾಗೆಯೇ ಊರಾಚೆಯ ಓಣಿಯವನು ಎಂದು ಊಟದ ಹೊತ್ತಿನಲ್ಲಿ ಅವನೇ ಹೇಳಿಕೊಂಡಿದ್ದ.

ಎರಡು ದಿನ ಕಳೆದವು. ಮಧ್ಯಾಹ್ನ ಚಂದ್ರವ್ವ ಹಿತ್ತಲ ಮೆಟ್ಟಿಲ ಮೇಲೆ ಕೂತು ನೀರು ಕುಡಿಯುತ್ತಿದ್ದಳು. ಅರ್ಧ ಕುಡಿದು ಲೋಟವನ್ನು ಪಕ್ಕಕ್ಕಿಟ್ಟು, ತಾಯಂದಿರಿಗೆ ಮಗು ಸುತ್ತುವುದನ್ನು ತೋರಿಸುವ ಬಟ್ಟೆಗಳನ್ನು ಮಡಚುತ್ತಿದ್ದಳು. ಕೆಲಸದವಳು ರೈಲ್ವೆ ನಳದಿಂದ ಎರಡು ಡಬ್ಬಿ ನೀರು ಹೊತ್ತು ಬಂದಳು. ಬಿಸಿಲು ಹೇಗಿತ್ತೆಂದರೆ ಅವಳ ಕೊರಳೆಲ್ಲ ಬೆವರಿನಿಂದ ಮಿರುಗುತ್ತಿತ್ತು. ಡಬ್ಬಿ ಇಳಿಸಿದವಳೇ ಎದುರಿಗೆ ಕಂಡ ಲೋಟವನ್ನೆತ್ತಿ ಗಟಗಟ ಕುಡಿದಳು.

"ಏಯ್! ಇಡ ಅದನ್ನ!"

ಕೂಗಿದವಳು ಚಂದ್ರವ್ವ. ಕೂಗಿದ್ದಷ್ಟೇ ಅಲ್ಲ, ಅವಳ ಕೈ ಮುಂದೆ ಹೋಗಿ ಲೋಟವನ್ನು ಕಿತ್ತುಕೊಂಡಿತ್ತು. ಮಿಕ್ಕ ನೀರು ಆ ಹೆಂಗಸಿನ ಎದೆಯ ಮೇಲೆ ಚೆಲ್ಲಿತು. ಕನ್ನಡದ ಮಾತು ಅವಳಿಗೆ ತಿಳಿಯಲಿಲ್ಲ, ಆದರೆ ತಿಳಿಯಬೇಕಾದ್ದು ತಿಳಿಯಿತು. ಅವಳು ಚಂದ್ರವ್ವನ ಕೈಯಿಂದ ಲೋಟವನ್ನು ಮೆಲ್ಲಗೆ ತೆಗೆದುಕೊಂಡು, ತುಟಿ ತಾಕಿದ ಅಂಚನ್ನು ಹೊದ್ದ ಬಟ್ಟೆಯ ತುದಿಯಿಂದ ಒರೆಸಿ, ಮೆಟ್ಟಿಲ ಮೇಲಿಟ್ಟಳು. ಆಮೇಲೆ ಹೋಗಿ ಮೊಳೆಯಿಂದ ತನ್ನ ಮಗ್ಗು ಇಳಿಸಿಕೊಂಡು ಡಬ್ಬಿಯ ನೀರು ಕುಡಿದಳು.

ಆ ಕೂಗು ಚಂದ್ರವ್ವನಿಗೆ ಗೊತ್ತಿತ್ತು. ಚಿಕ್ಕಂದಿನಲ್ಲಿ, ಅವ್ವ ಬಾಯಾರಿ ಬಾವಿಕಟ್ಟೆಯ ಅಂಚಿಗೆ ಕೈ ಇಟ್ಟಾಗ ಗೌಡರ ಸೊಸೆ ಹಾಗೆಯೇ ಕೂಗಿದ್ದಳು. ಅದೇ ಶಬ್ದ, ಅದೇ ಏರು. ಮೂವತ್ತು ವರ್ಷದ ಹತ್ತಿರ ಅದು ತನ್ನ ಗಂಟಲಲ್ಲಿಯೇ ಕೂತಿತ್ತೇ? ಇಷ್ಟು ದಿನ ಮಕ್ವಾನನ ಮೇಲೆ ಉರಿಯುತ್ತಿದ್ದ ಬೆಂಕಿ ಈಗ ಅವಳ ಮೇಲೆಯೇ ತಿರುಗಿತು. ರಾತ್ರಿಯ ಊಟ ಬೇಡವೆಂದಳು. ಪ್ರಾರ್ಥನೆಗೆ ಕೂತರೆ, ಬಾಯಿಪಾಠವಾಗಿದ್ದ ಸ್ತೋತ್ರದ ಒಂದು ಮಾತೂ ಹೊರಡಲಿಲ್ಲ.

ಮರುದಿನ ಬೆಳಿಗ್ಗೆ ಅವಳು ಕೇಳಿದ ಮೊದಲ ಮಾತು, "ತುಮ್ಹಾರಾ ನಾಮ್ ಕ್ಯಾ ಹೈ?"

"ರಾಹೇಲ," ಎಂದಳು ಆಕೆ. ಚಂದ್ರವ್ವ ಕೈಮುಗಿದಳು, ರಾಹೇಲ ಆ ಕಡೆ ನೋಡಲಿಲ್ಲ, ಪಾತ್ರೆ ತಿಕ್ಕುತ್ತಲೇ ಇದ್ದಳು.

ಅವತ್ತು ಸಂಜೆ ಪ್ರಾರ್ಥನೆಯ ಹೊತ್ತಿಗೆ ಚಂದ್ರವ್ವ ಒಳಗೆ ಹೋಗಲಿಲ್ಲ. ಜಗುಲಿಯ ಮೇಲೆ ರಾಹೇಲಳ ಪಕ್ಕ ಕೂತಳು. ರಾಹೇಲ ಗಾಬರಿಯಾಗಿ ಒಂದು ಮಾರು ಸರಿದು ಕೂತಳು.

"ಮೆಮ್‌ಸಾಹೇಬ್, ಅಂದರ್ ಜಾವ್," ಎಂದು ಪಿಸುಗುಟ್ಟಿದಳು. "ಹಮ್‌ಕೋ ತಕ್ಲೀಫ್ ಹೋಗಾ." ನೀನು ಒಳಗೆ ಹೋಗು, ಇಲ್ಲದಿದ್ದರೆ ತೊಂದರೆ ನನಗೆ ಎಂದು ಅಷ್ಟು ಸ್ಪಷ್ಟವಾಗಿ ಹೇಳಿದಳು. ಚಂದ್ರವ್ವ ಕೇಳಿಸಿಕೊಳ್ಳಲಿಲ್ಲ. ತನ್ನ ತಪ್ಪನ್ನು ತೊಳೆದುಕೊಳ್ಳುವ ಆತುರದಲ್ಲಿ ಅವಳಿದ್ದಳು. ಬಂಗೇರ ಅಯ್ಯನವರು ಒಳಗಿನಿಂದ ಎರಡು ಸಲ ಕರೆದರು; ಇಲ್ಲೇ ಕೇಳುತ್ತದೆ ಎಂದಳು. ಮೂರು ಸಂಜೆ ಹಾಗೆಯೇ ಕೂತಳು. ಮಕ್ವಾನ್ ಊಟದ ಹೊತ್ತಿಗೆ ನಗುವುದನ್ನು ನಿಲ್ಲಿಸಿದ.

ನಾಲ್ಕನೆಯ ದಿನ ಚಹಾ ತಂದವಳು ಮಕ್ವಾನನ ಹೆಂಡತಿ. ಮೊಳೆಯ ಮೇಲೆ ತಟ್ಟೆಯಿಲ್ಲ, ಮಗ್ಗಿಲ್ಲ.

"ಕೆಲಸದಿಂದ ತೆಗೆದೆವು," ಎಂದಳು ಆಕೆ ಹಿಂದಿಯಲ್ಲಿ. "ಬಹಳ ತಲೆಗೇರಿತ್ತು ಅವಳಿಗೆ."

ಆಗ ಆ ದೇಶದಲ್ಲಿ ಬಿಳಿಯರ ಸರಕಾರದ ವಿರುದ್ಧ ದಂಗೆ ನಡೆದಿತ್ತು. ಕಿಕುಯು ಜನ ಎಲ್ಲಿ ಹೋದರೂ ಚೀಟಿ ಇಟ್ಟುಕೊಂಡಿರಬೇಕು, ಅದರಲ್ಲಿ ಧಣಿಯ ಸಹಿ ಇರಬೇಕು. ಸಹಿ ಹೊಡೆದುಹಾಕಿದರೆ ಅದೇ ದಿನ ಹಿಡಿದು ಲಾರಿಗೆ ತುಂಬಿ, ತಂತಿಬೇಲಿಯ ಒಳಗಿನ ಹಳ್ಳಿಗಳಿಗೆ ಕಳಿಸಿಬಿಡುತ್ತಿದ್ದರು. ಚಂದ್ರವ್ವನಿಗೆ ಇದು ಗೊತ್ತಾದದ್ದು ಆಗಲೇ. ಅವಳು ಬಂಗೇರ ಅಯ್ಯನವರ ಕಾಲು ಹಿಡಿದಳು.

"ಒಂದ ಮಾತ ಮಕ್ವಾನ್ ಸಾಹೇಬ್ರಿಗೆ ಹೇಳ್ರಿ ಅಯ್ಯನವರ. ತಪ್ಪ ನಂದು. ಅಕಿ ಬ್ಯಾಡ ಅಂದ್ಲು, ನಾ ಕೇಳಲಿಲ್ಲ."

"ಇದು ಸರಕಾರದ ವಿಷಯ ಚಂದ್ರವ್ವ. ನಾವು ಪರದೇಶದವರು, ನಮಗೆ ಎಂತ ಮಾಡ್ಲಿಕ್ಕೆ ಆಗ್ತದೆ? ಅವಳಿಗೋಸ್ಕರ ಪ್ರಾರ್ಥನೆ ಮಾಡುವ," ಎಂದು ಅವರು ಅಲ್ಲಿಯೇ ಕಣ್ಣು ಮುಚ್ಚಿದರು.

ಅವರು ಕಣ್ಣು ತೆರೆಯುವಷ್ಟರಲ್ಲಿ ಚಂದ್ರವ್ವ ರಸ್ತೆಯಲ್ಲಿದ್ದಳು. ಪೊಲೀಸ್ ಠಾಣೆಯ ಮುಂದೆ ಲಾರಿಯ ಚಕ್ರದ ಗುರುತಷ್ಟೇ ಇತ್ತು. ಬಾಳೆಹಣ್ಣು ಮಾರುವ ಹೆಂಗಸೊಬ್ಬಳು ಬೆಟ್ಟದ ಕಡೆಗೆ ಕೈ ತೋರಿಸಿದಳು.

ಮಾರ್ಚಿನಲ್ಲಿ ತಂಡ ಮುಂಬಯಿಗೆ ಮರಳಿತು. ಬಂದರಿನಲ್ಲಿ ಹೂವಿನ ಹಾರ, ಫೋಟೋ. ಎರಡು ವಾರದ ನಂತರ ನೆರೆಮನೆಯ ರುದ್ರವ್ವ ಸಭೆಯವರು ಅಚ್ಚುಹಾಕಿಸಿದ ಒಂದು ಕರಪತ್ರ ಹಿಡಿದುಕೊಂಡು ಓಡೋಡಿ ಬಂದಳು. ಅವಳಿಗೆ ಓದಲು ಬರುತ್ತಿರಲಿಲ್ಲ. ಚಂದ್ರವ್ವನ ಫೋಟೋ ಗುರುತಿಸಿ ತಂದಿದ್ದಳು. ಕೆಳಗೆ ಹೀಗೆ ಅಚ್ಚಾಗಿತ್ತು: ಧಾರಾವಿಯ ಕತ್ತಲೆಯಿಂದ ಬೆಳಕಿಗೆ ಬಂದ ಸಹೋದರಿ ಚಂದ್ರವ್ವ ಜಗುಲಿಯಲ್ಲಿ ಆಫ್ರಿಕದ ದಾಸಿಯೊಬ್ಬಳ ಪಕ್ಕ ಕೂತು ಪ್ರಾರ್ಥಿಸಿದಾಗ, ಆ ದಾಸಿ ಆನಂದಬಾಷ್ಪ ಸುರಿಸಿ ಅವಳನ್ನು ಅಪ್ಪಿಕೊಂಡಳು, ಪ್ರೀತಿಯ ಮುಂದೆ ಬಣ್ಣದ ಭೇದ ಕರಗಿಹೋಯಿತು.

"ಏನಂತ ಬರದಾರ? ಛಲೋ ಬರದಾರಿಲ್ಲ?" ಎಂದಳು ರುದ್ರವ್ವ.

ಚಂದ್ರವ್ವ ಕರಪತ್ರವನ್ನು ಮಡಚಿ ಕೈಯಲ್ಲಿ ಹಿಡಿದಳು. ಸೆರಗು ಸರಿಮಾಡಿಕೊಂಡು, ಆ ಬಿಸಿಲಲ್ಲಿಯೇ ಚೆಂಬೂರಿಗೆ ಹೋದಳು. ಬಂಗೇರ ಅವರ ಮನೆ ಅಲ್ಲಿಯ ಕಾಲೊನಿಯಲ್ಲಿತ್ತು. ವಿನೋದಿನಿ ಬಾಗಿಲು ತೆಗೆದು, "ಓ, ಬಾ ಚಂದ್ರವ್ವ," ಎಂದು ವರಾಂಡದ ಸ್ಟೂಲು ತೋರಿಸಿದಳು. ಚಂದ್ರವ್ವ ಕೂರಲಿಲ್ಲ.

"ಅಯ್ಯನವರ, ಇದು ಸುಳ್ಳ ಐತ್ರಿ," ಎಂದು ಕರಪತ್ರ ಚಾಚಿದಳು.

ಬಂಗೇರ ನಕ್ಕರು. "ಎಂತದು ಸುಳ್ಳು? ನೀನು ಅವಳ ಪಕ್ಕ ಕೂತದ್ದು ಸುಳ್ಳಾ?"

"ನಾ ಕೂತೆ. ಅಕಿ ಸರಿದು ಕೂತ್ಲು. ಅಪ್ಪಿಕೊಳ್ಳಲಿಲ್ಲ, ಅಳಲಿಲ್ಲ. ಒಳಗ ಹೋಗು ಅಂದ್ಲು. ನಾ ಅಕಿ ನೀರು ಕಸಗೊಂಡಿದ್ದು ಯಾಕ ಬರೀಲಿಲ್ಲ? ಅಕಿನ್ನ ಲಾರಿಯಾಗ ಹಾಕಿದ್ದು ಯಾಕ ಬರೀಲಿಲ್ಲ?"

"ನೋಡು, ಜನ ಪ್ರೀತಿಯಿಂದ ಕಾಣಿಕೆ ಕೊಟ್ಟು ನಮ್ಮನ್ನು ಕಳಿಸಿದ್ದು. ಅವರಿಗೆ ಸಂತೋಷ ಆಗುವ ಹಾಗೆ ನಾಲ್ಕು ಮಾತು ಬೇಡವಾ? ಬರುವ ಆದಿತ್ಯವಾರ ನೀನು ಸಭೆಯ ಎದುರು ನಿಂತು ನಿನ್ನ ಅನುಭವದ ಸಾಕ್ಷಿ ಹೇಳ್ಬೇಕು. ಬರೆದು ಇಟ್ಟಿದ್ದೇನೆ." ಅವರು ಪುಸ್ತಕದ ನಡುವಿನಿಂದ ಒಂದು ಹಾಳೆ ತೆಗೆದು ಕೊಟ್ಟರು. ಗುಂಡಾದ ಅಕ್ಷರದಲ್ಲಿ, ಅವಳು ಹೇಳಬೇಕಾದ್ದೆಲ್ಲ ಅದರಲ್ಲಿತ್ತು. ಎಲ್ಲಿ ಗದ್ಗದಿತಳಾಗಿ ನಿಲ್ಲಬೇಕೆನ್ನುವುದು ಕೂಡ.

ಚಂದ್ರವ್ವ ಹಾಳೆಯನ್ನು ಮಡಚಿ ಕುಪ್ಪಸದೊಳಗಿಟ್ಟುಕೊಂಡಳು. "ಸಾಕ್ಷಿ ಹೇಳ್ತೀನ್ರಿ," ಎಂದಳು.

ಆ ಭಾನುವಾರ ಹಾಲ್ ಕಿಕ್ಕಿರಿದಿತ್ತು. ಕರ್ತನ ಭೋಜನದ ಭಾನುವಾರವೂ ಆಗಿದ್ದರಿಂದ ಮೇಜಿನ ಮೇಲೆ ಎರಡು ತಟ್ಟೆಗಳನ್ನು ಬಿಳಿ ಬಟ್ಟೆಯಿಂದ ಮುಚ್ಚಿಟ್ಟಿದ್ದರು. ಧಾರಾವಿಯವರೆಲ್ಲ ಹೊಸ ಬಟ್ಟೆ ತೊಟ್ಟು ಬಂದಿದ್ದರು. ತಮ್ಮವಳೊಬ್ಬಳು ಆ ಮೇಜಿನ ಪಕ್ಕದಲ್ಲಿ ನಿಲ್ಲುವುದನ್ನು ನೋಡಬೇಕಿತ್ತಲ್ಲ. ದಾನಪ್ಪ ಕೊನೆಯ ಬೆಂಚಿನ ತುದಿಯಲ್ಲಿ, ಎರಡೂ ಕೈಗಳನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದ.

ಚಂದ್ರವ್ವ ಹಾಳೆಯನ್ನು ತೆಗೆದು ಮೇಜಿನ ಮೇಲಿಟ್ಟಳು. "ಇದು ಅಯ್ಯನವರು ಬರದಕೊಟ್ಟ ಸಾಕ್ಷಿ. ನಂದ ಬ್ಯಾರೆ ಐತಿ," ಎಂದು ಶುರುಮಾಡಿದಳು. ದನಿ ಮೊದಲು ಸಣ್ಣಗಿತ್ತು. ಮೊಳೆಯ ಮೇಲಿನ ಮಗ್ಗು ಹೇಳಿದಳು, ಜಗುಲಿ ಹೇಳಿದಳು. ಲೋಟ ಕಿತ್ತುಕೊಂಡದ್ದನ್ನು ಹೇಳುವಾಗ ತನ್ನ ಬಲಗೈಯನ್ನು ಎತ್ತಿ ಹಿಡಿದಳು. "ಈ ಕೈಯಿಂದ ಕಸಗೊಂಡೀನಿ. ನಿಮ್ಮ ಮಕ್ಕಳನ್ನ ಹಡಿಸಿದ ಕೈ ಇದು. ಪಾಪ, ಅಕಿ ಬಾಯಾರಿ ಬಂದಿದ್ಲು. ನಮ್ಮವ್ವನ ಮ್ಯಾಲ ಆದದ್ದನ್ನ ನಾ ಅಕಿ ಮ್ಯಾಲ ಮಾಡಿದೆ. ಆಮ್ಯಾಲ ನನ್ನ ಪಾಪ ಹಗರ ಮಾಡ್ಕೊಳ್ಳಾಕ ಅಕಿ ಪಕ್ಕ ಹೋಗಿ ಕೂತೆ, ಅದಕ್ಕ ಅಕಿ ಅನ್ನಾನೂ ಹೋತು. ಅಕಿ ಹೆಸರು ರಾಹೇಲ. ಕರಪತ್ರದಾಗ ದಾಸಿ ಅಂತ ಬರದಾರ. ರಾಹೇಲ ಅಂತ ಹೆಸರ ಐತಿ ಅಕಿಗೆ!"

ಮುಂದಿನ ಬೆಂಚುಗಳಲ್ಲಿ ಜನ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಯೇಸಪ್ಪ ಮುಕಾದಮ ಎದ್ದು ನಿಂತ. "ಸಾಕ ಮಾಡವ್ವಾ ಚಂದ್ರವ್ವ. ದೊಡ್ಡವರ ಮುಂದ ಇದೇನ ಮಾತು? ಬಂದು ಕೂಡು."

"ನೀವ ಕೂಡ್ರಿ ಮಾವಾ. ಇನ್ನೂ ಮುಗದಿಲ್ಲ."

ಅವಳು ತಿರುಗಿ ಮೇಜಿನ ಮೇಲಿನ ಬಿಳಿ ಬಟ್ಟೆಯನ್ನು ಎಳೆದಳು. ಗಾಜಿನ ಲೋಟಗಳು ಒಂದು ಕಡೆ, ಅಲ್ಯುಮಿನಿಯಂ ಲೋಟಗಳು ಒಂದು ಕಡೆ. "ಗಾಜಿನವು ಸಾಲಂಗಿಲ್ಲ ಅಂತ ನಮಗ ಹೇಳ್ಯಾರ. ಎಣಸ್ರಿ, ಇಪ್ಪತ್ನಾಕ ಅದಾವು. ಮುಂದ ಕೂತವರು ಹದಿನೆಂಟ ಮಂದಿ. ಪ್ರತಿ ಸಲ ಆರು ಲ್ವಾಟ ತುಂಬಿದ್ದು ತುಂಬಿದಂಗ ಒಳಗ ಹೋಗತಾವು. ಹದಿನೈದು ವರ್ಷ ಆತು, ನೋಡೀನಿ, ನೋಡೇ ಇಲ್ಲ ಅನ್ನೋಹಂಗ ಕೂತೀನಿ. ಆ ಆರು ಲ್ವಾಟ ಯಾರಿಗ ಇಟ್ಟೀರಿ ಅಯ್ಯನವರ? ಧಾರಾವಿ ಬಾಯಿ ತಾಕಿದ್ರ ಗಾಜು ಒಡೀತೈತೇನು?"

ಈಗ ಅವಳು ಕೂಗುತ್ತಿದ್ದಳು. ಬಂಗೇರ ಬಿಳಿಚಿಕೊಂಡು ಹಾರ್ಮೋನಿಯಂ ಕಡೆಗೆ ಸನ್ನೆ ಮಾಡಿದರು. ಹಾಡು ಎದ್ದಿತು. ಮುಂದಿನ ಬೆಂಚಿನವರೆಲ್ಲ ಎದ್ದು ನಿಂತು, ಎಂದೂ ಹಾಡದಷ್ಟು ಗಟ್ಟಿಯಾಗಿ ಹಾಡಿದರು. ಆ ಹಾಡಿನ ಮೇಲೆ ಚಂದ್ರವ್ವನ ದನಿ ಇನ್ನೂ ಸ್ವಲ್ಪ ಹೊತ್ತು ಕೇಳಿಸುತ್ತಿತ್ತು. ವಿನೋದಿನಿ ಮುಖಕ್ಕೆ ಕರವಸ್ತ್ರ ಒತ್ತಿಕೊಂಡು ಕೂತಲ್ಲೇ ಕೂತಿದ್ದಳು. ಅವಳು ಮಾತ್ರ ಹಾಡಲಿಲ್ಲ. ಅವತ್ತು ಭೋಜನ ನಡೆಯಲಿಲ್ಲ.

ಅದೇ ವಾರ ಸಭೆಯಿಂದ ಕಾಗದ ಬಂತು. ಆತ್ಮಿಕ ಗರ್ವದ ಕಾರಣ ಚಂದ್ರವ್ವನನ್ನು ಭೋಜನದಿಂದ ಹೊರಗಿಡಲಾಗಿದೆ, ತಪ್ಪೊಪ್ಪಿಕೊಳ್ಳುವ ತನಕ ದವಾಖಾನೆಗೂ ಬರಬೇಕಿಲ್ಲ. ಅವಳು ಕಾಗದವನ್ನು ಒಲೆಗೆ ಹಾಕಿದಳು. ದವಾಖಾನೆಯ ಸಮಿತಿಗೆ ಗೊತ್ತಿರಲಿಲ್ಲ, ಮಕ್ಕಳು ಹುಟ್ಟುವುದು ಮನೆಗಳಲ್ಲಿ ಎಂದು. ಜನ ಮನೆಗೇ ಬಂದು ಕರೆದೊಯ್ದರು.

ಅವಳನ್ನು ಸುಟ್ಟದ್ದು ದಾನಪ್ಪನ ಮೌನ. ಎಂಟು ದಿನ ಅವನು ಅವಳೊಂದಿಗೆ ಮಾತಾಡಲಿಲ್ಲ. ಒಂಬತ್ತನೆಯ ದಿನ ಬೆಳಿಗ್ಗೆ ರೊಟ್ಟಿಯ ತಟ್ಟೆಯನ್ನು ದೂಡಿ ಹೇಳಿದ:

"ನನಗ ಗೊತ್ತಿರಲಿಲ್ಲ ಅಂತ ತಿಳದೀಯೇನ? ಆರು ಲ್ವಾಟ ನಾನೂ ಎಣಸೀನಿ. ಎಣಸೀನಿ, ಮತ್ತ ಆ ಜರ್ಮನ್ ಲ್ವಾಟದಾಗ ಕುಡದೀನಿ. ವಾರ ಪೂರ್ತಿ ಹೊಂಡದಾಗ ನಿಂತಾಂವ ನಾನು. ಆದಿತ್ಯವಾರ ಒಂದ ತಾಸು ಮನಷ್ಯಾನಂಗ ಕುಂತಿರತಿದ್ದೆ. ನೀ ಅದನ್ನೂ ಕಸಗೊಂಡಿ. ನನ್ನ ಎಲ್ಲಾರ ಮುಂದ ಹೇಡಿ ಮಾಡಿದಿ."

ಅವನು ಹೇಳಿದ್ದು ಸುಳ್ಳಲ್ಲ. ಚಂದ್ರವ್ವ ಸರಿಯೆಂದು ಮಾಡಿದ್ದಕ್ಕೆ ಇನ್ನೊಬ್ಬರು ದಂಡ ತೆರುವುದು ಇದು ಎರಡನೆಯ ಸಲ.

ಮುಂದಿನ ತಿಂಗಳ ಮೊದಲ ಭಾನುವಾರ ಅವಳು ಮನೆಯಲ್ಲಿದ್ದಳು. ಮಧ್ಯಾಹ್ನ ರುದ್ರವ್ವ ಬಂದು ಹೊಸ್ತಿಲ ಮೇಲೆಯೇ ಕುಕ್ಕರಿಸಿದಳು.

"ಕೇಳ ಇಲ್ಲೆ. ಜರ್ಮನ್ ಲ್ವಾಟದ ತಟ್ಟಿ ಬಂತು. ನಾ ಕೈ ಮುಂದ ಮಾಡ್ಲಿಲ್ಲ. ಪಕ್ಕದಾಗ ಅಂಬವ್ವ, ಅಕಿನೂ ಮಾಡ್ಲಿಲ್ಲ. ಹಿಂದಿನ ಬೆಂಚಿನ ಹೆಂಗಸರು ಒಬ್ಬರೂ ತಗೋಲಿಲ್ಲ ನೋಡು. ಗಂಡಸರು ತಗೊಂಡ್ರು. ಯೇಸಪ್ಪ ಮಾವ ಎರಡ ಕುಡದಾ," ಎಂದು ನಕ್ಕಳು. ಮತ್ತೆ ದನಿ ತಗ್ಗಿಸಿ, "ನಿನ್ನ ಗಂಡ ತಗೋಲಿಲ್ಲ," ಎಂದಳು.

ಮೂರು ತಿಂಗಳು ಆ ತಟ್ಟೆ ಹಿಂದಿನ ಬೆಂಚುಗಳಿಗೆ ಹೋಗಿ ಬಹುಪಾಲು ತುಂಬಿದಂತೆಯೇ ಮರಳಿತು. ನಾಲ್ಕನೆಯ ತಿಂಗಳು ಒಂದೇ ತಟ್ಟೆ ಹೊರಟಿತು, ಎಲ್ಲರಿಗೂ ಒಂದೇ ಬಗೆಯ ಹೊಸ ಸ್ಟೀಲ್ ಲೋಟ. ಯಾಕೆ ಎಂದು ಬಂಗೇರ ಒಂದು ಮಾತೂ ಹೇಳಲಿಲ್ಲ. ಮುಂದಿನ ಬೆಂಚಿನ ಏಳು ಕುಟುಂಬಗಳು ಆ ವರ್ಷವೇ ಪಟ್ಟಣದ ಬೇರೆ ಸಭೆಗೆ ಹೋಗಿ ಸೇರಿದವು. ಚಂದ್ರವ್ವನ ಮೇಲಿನ ತಡೆ ಮಾತ್ರ ಹಾಗೆಯೇ ಉಳಿಯಿತು. ತಪ್ಪೊಪ್ಪಿಕೊಂಡರೆ ಬರಬಹುದು ಎಂದು ಯೇಸಪ್ಪ ಎರಡು ಸಲ ಹೇಳಿಕಳಿಸಿದ. ಅವಳು ಹೋಗಲಿಲ್ಲ. ಮಕ್ವಾನನಿಗೆ ಹಿಂದಿಯಲ್ಲಿ ಎರಡು ಪತ್ರ ಬರೆಸಿ, ರಾಹೇಲ ಎಲ್ಲಿದ್ದಾಳೆ ಎಂದು ಕೇಳಿದಳು. ಎರಡಕ್ಕೂ ಜವಾಬು ಬರಲಿಲ್ಲ.

ತಡೆಯಿದ್ದ ಆ ಎರಡು ವರ್ಷ ಅವಳ ಸಿಟ್ಟು ಇಳಿಯಿತೆಂದು ಹೇಳುವಂತಿಲ್ಲ. ಪ್ರಾರ್ಥನೆಗೆ ಕೂತಾಗಲೇ ಅದು ಹೆಚ್ಚು. ಗೋಡೆಯ ಕಡೆ ಮುಖ ಮಾಡಿ, ಎದುರಿಗೆ ಯಾರೋ ನಿಂತಿರುವಂತೆ ಜಗಳವಾಡುತ್ತಿದ್ದಳು: ನನ್ನ ಆರಿಸಿದ್ದು ನೀನೇ ಅಲ್ಲವೇ, ಇದಕ್ಕೆಂದು ಆರಿಸಿದೆಯಾ, ನಾನು ಕೆಟ್ಟವಳೆಂದು ತೋರಿಸಲು ಆ ಹೆಂಗಸೇ ಬೇಕಾಗಿದ್ದಳೇ? ದಾನಪ್ಪ ಹೊರಗೆ ಕೂತು ಬೀಡಿ ಸೇದುತ್ತ ಎಲ್ಲವನ್ನೂ ಕೇಳುತ್ತಿದ್ದ. ಒಮ್ಮೆ ಅವನೇ ಒಳಗೆ ಬಂದು, "ಅಕಿ ಊರಿನ ಹೆಸರರ ಕೇಳಿದಿಲ್ಲೇನ?" ಎಂದ. ಕೇಳಿರಲಿಲ್ಲ. ಅವನು ಅವಳ ಪಕ್ಕ ಕೂತ.

1957ರಲ್ಲಿ ಬಂಗೇರ ಅವರಿಗೆ ವರ್ಗವಾಯಿತು. ಹೊಸ ಸಭಾಪಾಲಕರು ಧಾರವಾಡದ ಕಡೆಯವರು, ತರುಣರು. ಯಾರನ್ನೂ ಕಳಿಸದೆ ತಾವೇ ಕೆಸರು ತುಳಿದುಕೊಂಡು ಧಾರಾವಿಗೆ ಬಂದು, ಚಂದ್ರವ್ವನ ಮನೆಯಲ್ಲಿ ಚಾಪೆಯ ಮೇಲೆ ಕೂತು ಚಹಾ ಕುಡಿದರು. ತಡೆ ತೆಗೆದುಹಾಕಿದ್ದೇನೆ, ಕ್ಷಮೆ ಕೇಳಬೇಕಾದವರು ನಾವು ಎಂದರು. ಆಮೇಲೆ ಸ್ವಲ್ಪ ಸಂಕೋಚದಿಂದ ಕೇಳಿದರು:

"ಅಲ್ಲಿಗೆ ಹೋಗಿ ಬಂದು ನಿಮ್ಮ ವಿಶ್ವಾಸಕ್ಕ ಏನಾತು ಅಂತ ಕೇಳಬಹುದೇನ್ರಿ ಅವ್ವಾರ?"

ಚಂದ್ರವ್ವ ಅವರ ಖಾಲಿ ಕಪ್ಪನ್ನು ಎತ್ತಿ ಪಕ್ಕಕ್ಕಿಟ್ಟಳು. "ಹೋಗೋ ಮುಂದ ನನ್ನ ಕಡೆ ಬೆಳಕ ಐತಿ, ಅವರಿಗೆ ಒಯ್ಯಬೇಕು ಅನಕೊಂಡಿದ್ದೆ," ಎಂದಳು. "ನನ್ನ ಕಡೆ ಏನಿತ್ತು ಅಂತ ರಾಹೇಲಗ ಒಂದ ಗುಟುಕು ನೀರಿನ್ಯಾಗ ಗೊತ್ತಾತು. ಪ್ರಾರ್ಥನಿ ಬಿಟ್ಟಿಲ್ಲರೀ. ಆದ್ರ ಅವನ ಜೋಡಿ ನಂದು ಇನ್ನೂ ಜಗಳ ಐತಿ. ಅದನ್ನ ಬಿಡು ಅಂತ ಮಾತ್ರ ಹೇಳಬ್ಯಾಡ್ರಿ."

ಅವರು ಕೈಮುಗಿದು ಎದ್ದರು.

ಮುಂದಿನ ಭಾನುವಾರ ಚಂದ್ರವ್ವ ಸಾಯನ್‌ನಿಂದ ಲೋಕಲ್ ಹಿಡಿದು ಕುರ್ಲಾಕ್ಕೆ ಹೋದಳು. ಹಾಲ್‌ನಲ್ಲಿ ಕೆಲವರು ಎದ್ದು ನಿಂತರು, ಕೆಲವರು ಮುಖ ತಿರುಗಿಸಿದರು. ಅವಳು ಎರಡನೆಯ ಬೆಂಚಿನಲ್ಲಿ ಕೂತಳು. ದಾನಪ್ಪ ಒಂದು ಗಳಿಗೆ ಹಿಂದೆ ಮುಂದೆ ನೋಡಿ, ಬಂದು ಅವಳ ಪಕ್ಕದಲ್ಲಿ ಕೂತ. ಸಭಾಪಾಲಕರ ಪ್ರಸಂಗ ಅರ್ಧಕ್ಕೆ ಬಂದಿರುವಾಗ ಧಾರಾವಿಯಿಂದ ಒಬ್ಬ ತಮಿಳು ಹೆಂಗಸು ಏದುಸಿರು ಬಿಡುತ್ತ ಬಂದು ಬಾಗಿಲಲ್ಲಿ ನಿಂತಳು. ಸೊಸೆಗೆ ನೋವು ಶುರುವಾಗಿತ್ತು. ಚಂದ್ರವ್ವ ಆರಾಧನೆಯ ಕೊನೆಯ ಆಶೀರ್ವಾದಕ್ಕೂ ಕಾಯದೆ ಎದ್ದು, ಅವಳ ಜೊತೆ ಸ್ಟೇಷನ್ನಿನ ಕಡೆಗೆ ಬಿರಬಿರನೆ ನಡೆದಳು.